ಪೆಟಾಯಾವೆಸಿಯ ಮರದ ದೇವಾಲಯ: ಕಟ್ಟಡವೂ ಸಭೆಯೂ

1530ರ ಆಗ್ಸ್‌ಬರ್ಗ್ ವಿಶ್ವಾಸ ನಿವೇದನೆಯ 7ನೆಯ ವಿಧಿಯು ಸಭೆಯನ್ನು ಎರಡು ಗುರುತುಗಳಿಂದ ನಿರೂಪಿಸುತ್ತದೆ: ಸುವಾರ್ತೆಯ ಶುದ್ಧ ಬೋಧನೆ ಮತ್ತು ಸಂಸ್ಕಾರಗಳ ಯಥಾವಿಧಿ ಆಚರಣೆ. ಕಟ್ಟಡದ ಪ್ರಸ್ತಾಪ ಅಲ್ಲಿಲ್ಲ. ಹಾಗಾದರೆ ಲೂಥರನ್ ಸಭೆಗೆ ದೇವಾಲಯವು ಮಳೆಗಾಳಿಗೆ ಒಂದು ಮರೆ ಮಾತ್ರವೇ? ಮಧ್ಯ ಫಿನ್‌ಲ್ಯಾಂಡಿನ ಪೆಟಾಯಾವೆಸಿಯ ಹಳೆಯ ದೇವಾಲಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಫಿನ್ನಿಷ್ ಭಾಷೆಯಲ್ಲಿ ‘ಪೆಟಾಯಾ’ ಎಂದರೆ ಪೈನ್ ಮರ, ‘ವೆಸಿ’ ಎಂದರೆ ನೀರು. ದೇವಾಲಯಕ್ಕೆ ಈ ಎರಡೂ ಆಧಾರ. ಅದು ಸರೋವರದ ದಂಡೆಯಲ್ಲಿದೆ. ಭಕ್ತರು ಬೇಸಿಗೆಯಲ್ಲಿ ದೋಣಿಯೇರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ದಾಟಿ ಆರಾಧನೆಗೆ ಬರುತ್ತಿದ್ದರು. ಆ ನಾಡು ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1763ರಿಂದ 1765ರವರೆಗೆ, ಯಾಕ್ಕೊ ಕ್ಲೆಮೆಟಿನ್‌ಪೊಯಿಕಾ ಲೆಪ್ಪಾನೆನ್ ಎಂಬ ಕುಶಲ ಬಡಗಿಯ ನೇತೃತ್ವದಲ್ಲಿ ಅದನ್ನು ಪೈನ್ ದಿಮ್ಮಿಗಳಿಂದ ಕಟ್ಟಲಾಯಿತು. ಅವನ ಮೊಮ್ಮಗ ಎರ್ಕ್ಕಿ ಲೆಪ್ಪಾನೆನ್ 1821ರಲ್ಲಿ ಗಂಟೆಗೋಪುರವನ್ನು ಸೇರಿಸಿದನು.

ಕಟ್ಟಡದ ತಳವಿನ್ಯಾಸವು ಸಮಬಾಹುಗಳ ಶಿಲುಬೆ. ದಿಮ್ಮಿಯ ಉದ್ದಕ್ಕೆ ಮಿತಿಯುಂಟು. ಉದ್ದನೆಯ ನೇರಗೋಡೆ ಹೊರಕ್ಕೆ ವಾಲಬಲ್ಲದು. ಗೋಡೆಗಳನ್ನು ಶಿಲುಬೆಯಾಕಾರದಲ್ಲಿ ತಿರುಗಿಸಿ ಮೂಲೆಗಳಲ್ಲಿ ಕಚ್ಚುಹಾಕಿ ಬೆಸೆದಾಗ ಒಂದು ಗೋಡೆ ಮತ್ತೊಂದಕ್ಕೆ ಆಸರೆಯಾಗುತ್ತದೆ. ನಾಲ್ಕು ಬಾಹುಗಳ ಮೇಲೆ ಮರದ ಕಮಾನು ಚಾವಣಿ, ನಡುವೆ ಎಂಟು ಮುಖಗಳ ಗುಮ್ಮಟ, ಹೊರಗೆ ಕಡಿದಾದ ಮಾಡು. ನವೋದಯ ಕಾಲದ ಕೇಂದ್ರಾಭಿಮುಖ ವಿನ್ಯಾಸವೂ ಗಾಥಿಕ್ ಕಮಾನಿನ ನೆನಪೂ ಹಳ್ಳಿಯ ಬಡಗಿಯ ಕೊಡಲಿಯಲ್ಲಿ ಇಲ್ಲಿ ಒಂದಾಗಿವೆ.

ಈ ವಿನ್ಯಾಸಕ್ಕೆ ದೈವಶಾಸ್ತ್ರೀಯ ಅರ್ಥವೂ ಇದೆ. ಬಾಹುಗಳು ಕೂಡುವೆಡೆಯ ಮೂಲೆಯಲ್ಲಿ ಪ್ರಸಂಗಪೀಠವಿರುವುದರಿಂದ ವಾಕ್ಯವು ಎಲ್ಲರಿಗೂ ಸಮೀಪ. ಆ ಪೀಠವನ್ನು ಹೊತ್ತಿರುವುದು ಸಂತ ಕ್ರಿಸ್ತೋಫರನ ಮರದ ಪ್ರತಿಮೆ. ಐತಿಹ್ಯದಲ್ಲಿ ಬಾಲಯೇಸುವನ್ನು ಹೊತ್ತು ನದಿ ದಾಟಿಸಿದವನು ಇಲ್ಲಿ, ನೀರು ದಾಟಿ ಬರುವ ಜನರ ನಡುವೆ, ವಾಕ್ಯವನ್ನು ಹೊತ್ತು ನಿಂತಿದ್ದಾನೆ. ಲೂಥರನ್ ಪರಂಪರೆಯು ಸಂತರ ಮೊರೆಹೊಗುವುದನ್ನು ನಿರಾಕರಿಸಿತು. ಅವರ ಸ್ಮರಣೆಯನ್ನು ನಿರಾಕರಿಸಲಿಲ್ಲ. ನಿವೇದನೆಯ 21ನೆಯ ವಿಧಿಯ ಈ ಸೂಕ್ಷ್ಮವನ್ನು ಆ ಪ್ರತಿಮೆಯು ಕಣ್ಣಿಗೆ ಕಾಣಿಸುತ್ತದೆ.

1879ರಲ್ಲಿ ಸಭೆಯು ಹೊಸ ದೇವಾಲಯಕ್ಕೆ ತೆರಳಿತು. ಸುತ್ತಲಿನ ಸ್ಮಶಾನವೂ ಗಂಟೆಗೋಪುರವೂ ಬಳಕೆಯಲ್ಲಿ ಉಳಿದವು. ಬಳಕೆ ತಪ್ಪಿದ ದೇವಾಲಯವನ್ನು ಕಾಲಕ್ಕೆ ತಕ್ಕಂತೆ ನವೀಕರಿಸುವ ಅಗತ್ಯ ಯಾರಿಗೂ ತೋರಲಿಲ್ಲ. ಹೀಗೆ ಉಪೇಕ್ಷೆಯೇ ಅದರ ಮೂಲರೂಪವನ್ನು ಕಾಯಿತು. 1920ರ ದಶಕದಲ್ಲಿ ಆಸ್ಟ್ರಿಯದ ಕಲಾ ಇತಿಹಾಸಕಾರ ಯೋಸೆಫ್ ಸ್ಟ್ರಿಗೋವ್‌ಸ್ಕಿ ಅದರ ಮಹತ್ವವನ್ನು ಗುರುತಿಸಿದರು. ಬಳಿಕ ಜೀರ್ಣೋದ್ಧಾರ ನಡೆಯಿತು. 1994ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಇಂದಿಗೂ ಬೇಸಿಗೆಯಲ್ಲಿ ಅಲ್ಲಿ ಆರಾಧನೆ ನಡೆಯುತ್ತದೆ.

ಕಟ್ಟಡವಿಲ್ಲದೆಯೂ ಸಭೆಯು ಸಭೆಯೇ; ಪೆಟಾಯಾವೆಸಿಯ ಜನರು ಬೇರೆಡೆಗೆ ತೆರಳಿದಾಗಲೂ ಅದು ಹಾಗೆಯೇ ಉಳಿಯಿತು. ಆದರೆ ಆ ಸಭೆಯು ಯಾವುದನ್ನು ಕೇಂದ್ರವಾಗಿರಿಸಿಕೊಂಡಿತ್ತು ಎಂಬುದಕ್ಕೆ ಆ ದಿಮ್ಮಿಗಳು ಸಾಕ್ಷಿ. ನಾಳೆ ಸಭೆಯ ಹೊಣೆ ಹೊರುವ ನಾವು ಹಳೆಯ ದೇವಾಲಯವನ್ನು ಕೆಡವುವ ತೀರ್ಮಾನಕ್ಕೆ ಬರುವ ಮುನ್ನ, ಅದರ ಗೋಡೆಗಳು ಹೊತ್ತಿರುವ ಸಾಕ್ಷ್ಯವನ್ನು ಓದಲು ಕಲಿಯಬೇಕು.