ಎದೆಯ ಗಂಟು: ಹುಟ್ಟಿದ್ದೆಲ್ಲಿ?

ಉಳವಿಯ ತಾಯಿಯೊಬ್ಬರ ಎದೆಯಲ್ಲಿ ಗಂಟು ಕಂಡಿತು ಅನ್ನಿ. ಜೋಯಿಡಾ, ದಾಂಡೇಲಿ, ಹಳಿಯಾಳ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತೆ. ಅಲ್ಲಿ ಸೂಜಿ ಹಾಕಿ ತೆಗೆದ ಚೂರು ತಕ್ಷಣ, ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ ಬೀಳಬೇಕು. ತಡವಾದರೆ ಮುಂದಿನ ಪರೀಕ್ಷೆಗಳೇ ಕೆಡುತ್ತವೆ.

ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಸಲ ಸೂಕ್ಷ್ಮದರ್ಶಕ ಬೇರೆಯದೇ ಚಿತ್ರ ತೋರಿಸುತ್ತೆ: ಗುಂಪುಗುಂಪಾಗಿ ನಿಂತ ಜೀವಕೋಶಗಳು, ಕೆಲವೊಮ್ಮೆ ಕೋಶಕೇಂದ್ರದಲ್ಲಿ ಉಪ್ಪು-ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು. ನರಕೋಶ, ಹಾರ್ಮೋನ್ ಕೋಶ ಎರಡರ ಗುಣವೂ ಇರುವ ನ್ಯೂರೋಎಂಡೋಕ್ರೈನ್ ಗಡ್ಡೆ ಇದು.

ಬರೀ ನೋಟ ಸಾಲದು. ಸಿನಾಪ್ಟೊಫೈಸಿನ್, ಕ್ರೊಮೊಗ್ರಾನಿನ್ ಎಂಬ ಪ್ರೋಟೀನುಗಳನ್ನು ಬಣ್ಣ ಹಾಕಿ ತೋರಿಸಬೇಕು. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅರ್ಧಕ್ಕಿಂತ ಹೆಚ್ಚು ಕೋಶಗಳು ಬಣ್ಣ ಹಿಡಿಯಬೇಕು ಅಂದಿತ್ತು. 2019ರಲ್ಲಿ ನಿಯಮ ಬಿಗಿಯಾಯಿತು: ಕೋಶಗಳ ರೂಪವೂ ಹೊಂದಬೇಕು, ಅದೂ ಗಡ್ಡೆಯ 90%ಗಿಂತ ಹೆಚ್ಚು ಭಾಗದಲ್ಲಿ. ಅಳತೆಗೋಲೇ ಬದಲಾದ ಮೇಲೆ, ಈ ಗಡ್ಡೆ ಎಷ್ಟು ಅಪರೂಪ ಎಂಬ ಹಳೇ ಅಂಕಿಗಳನ್ನು ಹಾಗೇ ನಂಬಬೇಡಿ.

ಕಗ್ಗಂಟು ಇರೋದು ಇಲ್ಲಿ. ಈ ಗಡ್ಡೆ ಎದೆಯಲ್ಲೇ ಹುಟ್ಟಿದ್ದೋ, ಶ್ವಾಸಕೋಶದಿಂದಲೋ ಕರುಳಿನಿಂದಲೋ ಹರಡಿ ಬಂದದ್ದೋ? ಗಾಟಾ-3, ಈಸ್ಟ್ರೋಜನ್ ರಿಸೆಪ್ಟರ್ ಎಂಬ ಪ್ರೋಟೀನುಗಳ ಪರೀಕ್ಷೆ ಪಾಸಿಟಿವ್ ಬಂದರೆ, ಪಕ್ಕದ ಹಾಲುನಾಳದೊಳಗೆ ಕ್ಯಾನ್ಸರಿನ ಆರಂಭದ ಹಂತ ಕಂಡರೆ, ತೂಕ ಎದೆಯ ಕಡೆಗೆ. ಆದರೂ ಸ್ಕ್ಯಾನ್ ತಪ್ಪಿಸಬಾರದು. ಮೂಲ ಬೇರೆಯಾದರೆ ಚಿಕಿತ್ಸೆಯೇ ಬೇರೆ.

ಚೂರನ್ನು ಕೂರಿಸಿದ ಮೇಣದ ಬ್ಲಾಕ್ ವರ್ಷಗಟ್ಟಲೆ ಬಾಳುತ್ತೆ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋದಾದರೆ, ವರದಿಯ ಜತೆ ಅದನ್ನೂ ಕೇಳಿ ಒಯ್ಯಿರಿ.