ಹೊಳೆ ದಾಟಿದರೆ ಲೈಸೆನ್ಸ್ ನಡೆಯದು!

ಅಮೆರಿಕದ ಅರಿಜೋನಾ ರಾಜ್ಯದ ಯೂಮಾ ಊರಿನಲ್ಲಿರುವ, ಬಹುರಾಜ್ಯ ಲೈಸೆನ್ಸ್ ಪಡೆದ ನರ್ಸ್ ದೇಶದ ಇನ್ನೊಂದು ತುದಿಯ ಫ್ಲಾರಿಡಾಕ್ಕೆ ಹೋಗಿಯೂ ಕೆಲಸ ಮಾಡಬಹುದು. ಆದರೆ ಊರ ಮಗ್ಗುಲಲ್ಲೇ ಹರಿಯುವ ಕೊಲರಾಡೊ ನದಿಯ ಸೇತುವೆ ದಾಟಿ, ಅದೇ ಲೈಸೆನ್ಸ್ ಹಿಡಿದು ಕ್ಯಾಲಿಫೋರ್ನಿಯಾದಲ್ಲಿ ಒಂದು ಇಂಜೆಕ್ಷನ್ ಕೊಡುವಂತಿಲ್ಲ!

ಅಮೆರಿಕದಲ್ಲಿ ನರ್ಸ್‌ಗಳಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ವಾಸವಿರುವ ರಾಜ್ಯದ ಲೈಸೆನ್ಸ್ ಉಳಿದೆಡೆಯೂ ನಡೆಯಲೆಂದು 2000ದಲ್ಲಿ ಶುರುವಾದ ಒಪ್ಪಂದದಲ್ಲಿ ಈಗ 40ಕ್ಕೂ ಹೆಚ್ಚು ರಾಜ್ಯಗಳಿವೆ. ಕ್ಯಾಲಿಫೋರ್ನಿಯಾ ಸೇರಿಲ್ಲ.

ಫೋನ್ ಮಾಡಿದರಾಯಿತಲ್ಲ ಎಂದಿರಾ? ಅದೂ ಆಗದು. ನರ್ಸ್ ಕೂತ ಜಾಗವಲ್ಲ, ರೋಗಿ ಇರುವ ಜಾಗವೇ ಲೆಕ್ಕ. ಮನೆಯ ಸೋಫಾದಲ್ಲಿ ಕೂತು ಆಚೆ ದಡದ ರೋಗಿಗೆ ಶುಶ್ರೂಷೆಯ ಸಲಹೆ ಕೊಡುವ ಕೆಲಸಕ್ಕೂ ಕ್ಯಾಲಿಫೋರ್ನಿಯಾದ ಲೈಸೆನ್ಸೇ ಬೇಕು.