ಎಳೆದರೆ ಸಾಲದು, ನಿಲ್ಲಿಸಬೇಕು

"ಈ ಟ್ರ್ಯಾಕ್ಟರು ಎಷ್ಟು ಲೋಡು ಎಳೀತದ್ರೀ?" ಟ್ರೇಲರ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಇದು. ಚಿತ್ರೀಕರಣಕ್ಕೆಂದು ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬಿದ್ದಿದೆ. ಆದರೆ ಓದುಗರೇ, ನೀವು ಕೇಳಬೇಕಾದದ್ದು ಇನ್ನೊಂದಿದೆ: ಇದು ಎಷ್ಟು ಲೋಡನ್ನು ನಿಲ್ಲಿಸೀತು?

ಒಂದು ಸಣ್ಣ ಲೆಕ್ಕ ಮಾಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಮಾನ್ವಿಯಿಂದ ರಾಯಚೂರಿಗೆ ಹೊರಟಿದೆ ಎನ್ನಿ. ಚೀಲಕ್ಕೆ 75 ಕಿಲೋದಂತೆ 80 ಚೀಲವೆಂದರೆ 6,000 ಕಿಲೋ. ನಾಲ್ಕು ಚಕ್ರದ ಟ್ರೇಲರಿನ ಸ್ವಂತ ತೂಕ ಸುಮಾರು 1,500, ಟ್ರ್ಯಾಕ್ಟರಿನದು 2,000. ಒಟ್ಟು 9,500 ಕಿಲೋ. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ; ಬಹುಪಾಲು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಅಂದರೆ, ಒಂದು ಟ್ರ್ಯಾಕ್ಟರಿಗೆಂದು ಇರುವ ಬ್ರೇಕು ಅದರ ಐದು ಪಟ್ಟಿನಷ್ಟು ತೂಕವನ್ನು ತಡೆಯಬೇಕು. ಬರಿಯ ಟ್ರ್ಯಾಕ್ಟರು ಎಂಟು ಮೀಟರಿನಲ್ಲಿ ನಿಲ್ಲುವ ಕಡೆ, ಅದೇ ವೇಗದಲ್ಲಿ ಹೊರಟ ಈ ಜೋಡಿಗೆ ಸುಮಾರು ನಲವತ್ತು ಮೀಟರು ಬೇಕು. ವೇಗ ಇಮ್ಮಡಿಯಾದರೆ ಆ ದೂರ ನಾಲ್ಮಡಿಯಾಗುತ್ತದೆ. ಎಮ್ಮೆಯೋ ಮಗುವೋ ಅಡ್ಡ ಬಂದಾಗ ಎಂಜಿನ್ನಿನ ಅಶ್ವಶಕ್ತಿ ಕೆಲಸಕ್ಕೆ ಬಾರದು.

ಆದ್ದರಿಂದ ಕೊಳ್ಳುವ ಮೊದಲು ಟ್ರ್ಯಾಕ್ಟರಿನ ಕೈಪಿಡಿ ತೆರೆದು, ಎಷ್ಟು ತೂಕದ ಟ್ರೇಲರ್ ಎಳೆಯಬಹುದೆಂದು ನೋಡಿ. ಮಾಲಿನ ಜೊತೆಗೆ ಟ್ರೇಲರಿನ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಬ್ರೇಕ್ ಇರುವ ಟ್ರೇಲರ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕೆಂಬುದನ್ನು ಮರೆಯಬೇಡಿ. ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ವೇಬ್ರಿಡ್ಜಿನಲ್ಲಿ ತೂಗಿಸಿದರೆ ಅಂದಾಜಿನ ಮಾತೇ ಬೇಡ.

ಎರಡು ಚಕ್ರದ್ದೋ, ನಾಲ್ಕು ಚಕ್ರದ್ದೋ? ಎತ್ತಿನ ಬಂಡಿ ಹೂಡಿದ ಹಿರಿಯರಿಗೆ ಉತ್ತರ ಗೊತ್ತು. ಬಂಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಕುಸಿಯುತ್ತದೆ. ಎರಡು ಚಕ್ರದ ಟ್ರೇಲರಿನದೂ ಅದೇ ನ್ಯಾಯ. ಹಿಂದೆ ಹೇರಿದರೆ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ತಪ್ಪುತ್ತದೆ. ಮುಂದೆ ವಿಪರೀತ ಹೇರಿದರೆ ಮುಂಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳದು. ಅಚ್ಚಿಗಿಂತ ತುಸು ಮುಂದೆ ಭಾರವಿರಲಿ. ನಾಲ್ಕು ಚಕ್ರದ್ದು ತನ್ನ ಭಾರವನ್ನು ತಾನೇ ಹೊರುತ್ತದೆ, ಆದರೆ ರಿವರ್ಸ್ ತೆಗೆಯುವುದು ಕಷ್ಟ.

ದೇವದುರ್ಗದ ಹತ್ತಿ ಹಗುರವೆಂದು ಮೋಸ ಹೋಗಬೇಡಿ. ಎತ್ತರಕ್ಕೆ ಒಟ್ಟಿದ ಹತ್ತಿ ತಿರುವಿನಲ್ಲಿ ವಾಲುತ್ತದೆ, ಹಿಂದಿನ ದೀಪವನ್ನೂ ಮುಚ್ಚುತ್ತದೆ. ರಾತ್ರಿ ಹಿಂದೆ ಬರುವ ಬೈಕಿನವನಿಗೆ ನಿಮ್ಮ ಟ್ರೇಲರ್ ಕಾಣಬೇಕಾದರೆ ಕೆಂಪು ರಿಫ್ಲೆಕ್ಟರ್ ಬೇಕೇ ಬೇಕು.

ಹೊರಡುವ ಮುನ್ನ ಮೂರು ವಿಷಯ ನೋಡಿಕೊಳ್ಳಿ. ಒಂದು, ಹೊಲದಲ್ಲಿ ತಿರುಗಿಸಲೆಂದು ಬಿಡಿಸಿದ ಎಡ-ಬಲದ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬಂದೊಡನೆ ಜೋಡಿಸಿ. ಇಲ್ಲವಾದರೆ ಬ್ರೇಕು ಒಂದೇ ಗಾಲಿಗೆ ಬಿದ್ದು ಟ್ರ್ಯಾಕ್ಟರು ಅಡ್ಡ ತಿರುಗೀತು. ಎರಡು, ಕೊಂಡಿಯ ಪಿನ್ನಿಗೆ ಕ್ಲಿಪ್ ಹಾಕಿದೆಯೇ ನೋಡಿ. ಮೂರು, ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬನ್ನಿ; ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಇಳಿಜಾರಿನಲ್ಲಿ ಬಂಡಿ ಎತ್ತಿನ ಮೇಲೆ ಬರುವಂತೆ ಟ್ರೇಲರೂ ಟ್ರ್ಯಾಕ್ಟರನ್ನು ನೂಕುತ್ತದೆ.

ಕೊನೆಯದಾಗಿ ಒಂದು ಮಾತು. ಜಾತ್ರೆಗೆ, ಮದುವೆ ದಿಬ್ಬಣಕ್ಕೆ, ಕೂಲಿಗೆ ಟ್ರೇಲರಿನಲ್ಲಿ ಜನ ತುಂಬಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಉರುಳಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಟ್ರೇಲರ್ ಇರುವುದು ಮಾಲಿಗೆ. ಭತ್ತದ ಚೀಲ ಬಿದ್ದರೆ ಮತ್ತೆ ತುಂಬಿಕೊಳ್ಳಬಹುದು; ಮನೆಯವರನ್ನು ಬಸ್ಸಿಗೆ ಹತ್ತಿಸಿ.